ಗೋಡೆಗೆ ತಿರುಗಿದ ಕ್ಯಾಮೆರಾ

ಹಾಸನ
10 ಜೂನ್ 2024

ಮಾನ್ಯ ಮರುದೇವಿ ಅಮ್ಮನವರಿಗೆ,

ರಂಜಿನಿ ಮಾಡುವ ನಮಸ್ಕಾರಗಳು. ಹೋದ ತಿಂಗಳು ಅರಕಲಗೂಡಿಗೆ ಬಂದು ನಿಮ್ಮ ಯಜಮಾನರು ಧರಣೇಂದ್ರಯ್ಯನವರು ತೆಗೆದ ಫೋಟೋಗಳ ಪೆಟ್ಟಿಗೆ ತೆಗೆದುಕೊಂಡು ಹೋದವಳು ನಾನೇ. ಅವತ್ತು ನಿಮ್ಮ ಜೊತೆ ಸರಿಯಾಗಿ ಮಾತಾಡಲು ಆಗಲಿಲ್ಲ. ನಾನು ಕೂಗಿದ್ದು ನಿಮಗೆ ಕೇಳಿಸಲಿಲ್ಲ, ಕೆಳಗೆ ಪಾತ್ರೆ ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳಿಸಿತು. ಹೊರಡುವಾಗ ನಿಮ್ಮ ತಮ್ಮನ ಮಗ ನಿಶ್ಚಲ್ ಅವರು, "ಅತ್ತೆಗೆ ಕಾಗದ ಬರೀರಿ, ಓದ್ತಾರೆ, ಉತ್ತರಾನೂ ಬರೀತಾರೆ" ಎಂದರು. ಪತ್ರ ಬರೆದು ನನಗೆ ಅಭ್ಯಾಸವಿಲ್ಲ. ತಪ್ಪಿದ್ದರೆ ಮನ್ನಿಸಿ.

ನಮ್ಮ ಊರು ದುದ್ದ. ಅಪ್ಪ ಚಲುವಯ್ಯ ಅಲ್ಲಿನ ಡೇರಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಹಾಸನದಲ್ಲಿ ರೂಮು ಮಾಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದೇನೆ. ಧರಣೇಂದ್ರಯ್ಯನವರು ಬೆಳಕು, ನೆರಳುಗಳನ್ನು ಚೌಕಟ್ಟಿನೊಳಗೆ ಹೇಗೆ ಕೂರಿಸುತ್ತಿದ್ದರು ಎನ್ನುವುದೇ ನನ್ನ ವಿಷಯ.

ಅವರ ಕಾಲದ ಫೋಟೋಗ್ರಾಫರುಗಳು ಸ್ಪರ್ಧೆಗೆ ಕಳಿಸುತ್ತಿದ್ದದ್ದು ಧೂಳೆಬ್ಬಿಸುವ ದನದ ಮಂದೆ, ಕೊಡ ಹೊತ್ತ ಹೆಂಗಸರು, ಮುಖವೆಲ್ಲ ಸುಕ್ಕಾದ ಅಜ್ಜಂದಿರು. ಚನ್ನರಾಯಪಟ್ಟಣದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಸಂಸಾರ ನಡೆಸುತ್ತಿದ್ದ ಇವರೊಬ್ಬರು ಮಾತ್ರ ಖಾಲಿ ಗೋಡೆಯ ಮುಂದೆ ನಿಂತುಬಿಟ್ಟರು! ಮುಕ್ಕಾಲು ಪಾಲು ಬರೀ ಗೋಡೆ. ಕೆಳಗಿನ ಮೂಲೆಯಲ್ಲಿ ಒಂದು ಊಟದ ತಟ್ಟೆ, ಅದರ ನೆರಳು ತಟ್ಟೆಗಿಂತ ಎಷ್ಟೋ ಪಟ್ಟು ಉದ್ದ. ಇಂಥ ಧೈರ್ಯ ನಮ್ಮ ಜಿಲ್ಲೆಯಲ್ಲಿ ಆ ಕಾಲಕ್ಕೆ ಯಾರಿಗಿತ್ತು ಅಮ್ಮ?

ಮೂರು ಪ್ರಶ್ನೆ ಕೇಳುತ್ತೇನೆ. ತಟ್ಟೆಯ ಫೋಟೋಗಳಲ್ಲೆಲ್ಲ ಬೆಳಕು ಒಂದೇ ಓರೆಯಲ್ಲಿ ಬೀಳುತ್ತದೆ. ಅವರು ವಿದೇಶದ ಫೋಟೋ ಪುಸ್ತಕಗಳನ್ನು ನೋಡಿ ಕಲಿತರೆ? ಒಂದು ತಟ್ಟೆಯಲ್ಲಿ ಹಬ್ಬದ ಒಬ್ಬಟ್ಟು ಇರುವ ಹಾಗಿದೆ, ಅದಕ್ಕೇನಾದರೂ ಅರ್ಥವಿದೆಯೆ? ಇನ್ನೊಂದು, ಪೆಟ್ಟಿಗೆಯ ತುಂಬ ಒಬ್ಬ ಹೆಂಗಸಿನ ನೆರಳು ಇದೆ. ಗೋಡೆಯ ಮೇಲೆ, ನೆಲದ ಮೇಲೆ, ಒಣಗಲು ಹಾಕಿದ ಸೀರೆಯ ಮೇಲೆ. ಆಕೆ ಯಾರು?

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ರಂಜಿನಿ


ಶ್ರೀ ವೀತರಾಗಾಯ ನಮಃ

ಅರಕಲಗೂಡು
22-6-2024

ಕುಮಾರಿ ರಂಜಿನಿಗೆ ಮರುದೇವಿಯ ಆಶೀರ್ವಾದಗಳು.

ನಿಮ್ಮ ಕಾಗದ ಬಂತು. ಕಾಗದವನ್ನೇ ಬರೆಯಿರಿ. ನಿಶ್ಚಲನ ಫೋನಿಗೆ ಮಾತ್ರ ಏನೂ ಕಳಿಸಬೇಡಿ. ನನಗೆ ಕೇಳಲಿ ಅಂತ ಅವನು ಗಲ್ಲಾದ ಮುಂದೆ ನಿಂತು ಗಟ್ಟಿಯಾಗಿ ಓದುತ್ತಾನೆ. ಕುಕ್ಕರ್ ಕೊಳ್ಳಲು ಬಂದವರಿಗೆಲ್ಲ ನಮ್ಮ ಮನೆಯ ಸುದ್ದಿ ಯಾಕೆ?

ವಿದೇಶದ ಪುಸ್ತಕವೂ ಇಲ್ಲ, ಗಿಸ್ತಕವೂ ಇಲ್ಲ. ನಾವು ಜೈನರು. ಹೊತ್ತು ಮುಳುಗುವ ಮೊದಲೇ ನಮ್ಮ ರಾತ್ರಿಯ ಊಟ. ಸ್ಟುಡಿಯೋ ಬಾಗಿಲು ಎಳೆದುಕೊಂಡು ಅವರು ಮನೆಗೆ ಓಡಿ ಬರುವ ಹೊತ್ತಿಗೆ ಪಡುವಣ ಕಿಟಕಿಯಿಂದ ಬಿಸಿಲು ಅಡುಗೆಮನೆಗೆ ನುಗ್ಗಿರುತ್ತಿತ್ತು. ಅನ್ನ ಆರುತ್ತಿದ್ದರೂ ಇವರು ಕ್ಯಾಮೆರಾ ಹಿಡಿದು ಬೆಕ್ಕಿನ ಹಾಗೆ ತಟ್ಟೆಯನ್ನು ಸುತ್ತು ಹಾಕುತ್ತಿದ್ದರು. "ಉಣ್ಣಿ ಅಂದ್ರೆ, ಹೊತ್ತು ಮುಳುಗತ್ತೆ" ಅಂತ ನಾನು ಕೂಗಬೇಕು, ಆಮೇಲೆ ಕೂರಬೇಕು. ನಿಮ್ಮ ಓರೆ ಬೆಳಕಿನ ಕಥೆ ಇಷ್ಟೇ.

ಆ ತಟ್ಟೆಯಲ್ಲಿ ಇರುವುದು ಅಕ್ಕಿ ರೊಟ್ಟಿ. ನಮ್ಮ ಮನೆಯ ತಟ್ಟೆಯಲ್ಲಿ ಒಬ್ಬಟ್ಟು ಹುಡುಕಬೇಡಿ, ಸಿಗುವುದಿಲ್ಲ. ನಮ್ಮಲ್ಲಿ ಮುನಿಗಳ ಮುಂದೆ ನಿಂತು ತನಗೆ ಬಹಳ ಇಷ್ಟವಾದದ್ದು ಒಂದನ್ನು ಬಿಟ್ಟುಬಿಡುವ ನಿಯಮ ತೆಗೆದುಕೊಳ್ಳುತ್ತೇವೆ. ಕೆಲವರು ಒಂದು ವರ್ಷಕ್ಕೆ, ಕೆಲವರು ಬದುಕಿರುವವರೆಗೆ. ಏನು ಬಿಟ್ಟೆ ಅಂತ ಊರಿಗೆಲ್ಲ ಸಾರಿಕೊಂಡು ತಿರುಗುವುದಿಲ್ಲ, ಮನೆಯವರು ನೋಡಿ ತಿಳಿದುಕೊಳ್ಳಬೇಕು. ಇವರು ಬಿಟ್ಟಿದ್ದು ಒಬ್ಬಟ್ಟು. ಮದುವೆ ಮನೆಗಳಲ್ಲಿ ಬಡಿಸುವವರು ಬಂದರೆ ನಾನೇ ದೂರದಿಂದ ಕೂಗಿ ಹೇಳುತ್ತಿದ್ದೆ, ಅವರಿಗೆ ಹಾಕಬೇಡಿ ಅಂತ. ಪಕ್ಕದವರ ಎಲೆ ನೋಡುತ್ತಾ ಕೂತಿರುತ್ತಿದ್ದರು, ಪಾಪ.

ನೆರಳು ಯಾರದೋ ಇರಬೇಕು. ನೆರಳನ್ನು ನೋಡಿ ಯಾರು ಅಂತ ಹೇಗೆ ಹೇಳುವುದು?

ನನಗೂ ಒಂದು ಕೇಳುವುದಿದೆ. ಅಷ್ಟೊಂದು ಫೋಟೋಗಳನ್ನು ಒಂದೊಂದಾಗಿ ನೋಡುತ್ತೀರಲ್ಲ, ಅದರಲ್ಲಿ ಮನೆಯವರ ಮುಖ ಇರುವಂಥದ್ದು ಒಂದಾದರೂ ಇದ್ದರೆ ತಿಳಿಸಿ. ಅವಸರವಿಲ್ಲ.

ಮರುದೇವಿ


ಹಾಸನ
8 ಜುಲೈ 2024

ಪ್ರೀತಿಯ ಅಮ್ಮನಿಗೆ,

ನಿಮ್ಮ ಪತ್ರವನ್ನು ನನ್ನ ಗೈಡ್ ಸ್ನೇಹಲತಾ ಮೇಡಂಗೆ ಓದಿ ಹೇಳಿದೆ. ತಟ್ಟೆಯ ಸುತ್ತ ಬೆಕ್ಕಿನ ಹಾಗೆ ಸುತ್ತುವುದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ಓರೆ ಬೆಳಕಿನ ಬಗ್ಗೆ ನಾನು ಬರೆದಿದ್ದ ಹನ್ನೆರಡು ಪುಟ ಹಾಗೇ ಕಸದ ಬುಟ್ಟಿಗೆ ಹೋಯಿತು.

ನೀವು ಕೇಳಿದ್ದಕ್ಕೆ ಉತ್ತರ. ಪೆಟ್ಟಿಗೆಯನ್ನು ಪೂರ್ತಿ ನೋಡಿದೆ. ಒಂದೇ ಒಂದು ಮುಖವೂ ಇಲ್ಲ ಅಮ್ಮ! ಇದೇ ಅವರ ದೊಡ್ಡತನ ಅಂತ ನನಗೆ ಅನ್ನಿಸುತ್ತದೆ. ಹಗಲೆಲ್ಲ ಸ್ಟುಡಿಯೋದಲ್ಲಿ ದುಡ್ಡಿಗಾಗಿ ಮುಖ ತೆಗೆದವರು ತಮಗಾಗಿ ತೆಗೆಯುವಾಗ ಮುಖವನ್ನೇ ಬಿಟ್ಟುಬಿಟ್ಟರು. ಎಂಥ ನಿರಾಕರಣೆ ನೋಡಿ.

ನೆರಳಿನ ವಿಷಯ. ನೀವು ನೆರಳು ನೋಡಿ ಹೇಳಲಾಗದು ಎಂದಿರಿ. ನಾನು ಎಲ್ಲವನ್ನೂ ಕಾಲದ ಪ್ರಕಾರ ನೆಲದ ಮೇಲೆ ಹರಡಿದೆ. ಎಲ್ಲ ಕಡೆಯೂ ಆಕೆ ಒಬ್ಬಳೇ. ಮೊದಮೊದಲು ಜಡೆ ಸೊಂಟದವರೆಗೆ ಇದೆ. ಆಮೇಲೆ ತುರುಬು. ತುರುಬು ಬರುಬರುತ್ತಾ ಸಣ್ಣದಾಗುತ್ತದೆ. ಬೆನ್ನು ಬಾಗುತ್ತದೆ. ಕೊನೆಯ ಫೋಟೋದಲ್ಲಿ ಆಕೆ ಗೋಡೆಗೆ ಕೈ ಊರಿಕೊಂಡು ಮೆಟ್ಟಿಲು ಇಳಿಯುತ್ತಿದ್ದಾಳೆ. ಒಂದು ನೆರಳಿಗೆ ವಯಸ್ಸಾಗುವುದನ್ನು ನಾನು ಇದೇ ಮೊದಲ ಸಲ ನೋಡಿದ್ದು.

ಅಮ್ಮ, ಅದು ನೀವೇ ಅಲ್ಲವೆ?

ಇಷ್ಟು ವರ್ಷ ಜೊತೆಗಿದ್ದ ಹೆಂಡತಿಯನ್ನು ಒಮ್ಮೆಯೂ ಮುಖ ತೋರಿಸದೆ ಬರೀ ಆಕಾರವಾಗಿ ಬಳಸಿಕೊಂಡಿದ್ದಾರೆ. ಕಲೆಯ ದೃಷ್ಟಿಯಿಂದ ಅದ್ಭುತ. ಹೆಣ್ಣಾಗಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಇದರ ಮೇಲೆಯೇ ಒಂದು ಪ್ರಬಂಧ ಬರೆಯುತ್ತಿದ್ದೇನೆ. ನಿಮಗೆ ಏನನ್ನಿಸುತ್ತದೆ, ಬರೆಯಿರಿ.

ನಿಮ್ಮ,
ರಂಜಿನಿ


ಹಾಸನ
30 ಆಗಸ್ಟ್ 2024

ಅಮ್ಮ,

ಎರಡು ತಿಂಗಳಾಗುತ್ತಾ ಬಂತು, ನಿಮ್ಮಿಂದ ಪತ್ರವಿಲ್ಲ. ನಿಶ್ಚಲ್ ಅವರಿಗೆ ಫೋನ್ ಮಾಡಿದರೆ, "ಆರಾಮಾಗವ್ರೆ, ಯಾಕೋ ಮಾತು ಕಮ್ಮಿ ಮಾಡವ್ರೆ" ಎಂದರು. ನನ್ನ ಮಾತಿನಿಂದ ಬೇಸರವಾಯಿತೆ?

ಸೆಪ್ಟೆಂಬರ್ ಕೊನೆಗೆ ಇಲ್ಲೊಂದು ವಿಚಾರ ಸಂಕಿರಣವಿದೆ. ಅಲ್ಲಿ ಓದುವ ಪ್ರಬಂಧದ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ತಲೆಬರಹ 'ಹೆಂಡತಿಯ ಮುಖ ಅಳಿಸಿದ ಕಣ್ಣು'. ನಿಮಗೆ ತೋರಿಸದೆ ಓದಲು ಮನಸ್ಸಿಲ್ಲ. ಬೇಡ ಎಂದರೆ ನಿಲ್ಲಿಸುತ್ತೇನೆ.

ರಂಜಿನಿ


ಶ್ರೀ ವೀತರಾಗಾಯ ನಮಃ

ಅರಕಲಗೂಡು
12-9-2024

ರಂಜಿನಿ,

ನಿನ್ನ ಪ್ರಬಂಧ ಓದಿದೆ. ಅರ್ಧ ಅರ್ಥವಾಗಲಿಲ್ಲ. ಆದ ಅರ್ಧ ನಿಜ. ಓದು, ಧಾರಾಳವಾಗಿ ಓದು. ಯಾರಾದರೂ ಒಬ್ಬರು ಗಟ್ಟಿಯಾಗಿ ಹೇಳಲಿ.

ಹೌದು, ಅದು ನಾನೇ. ನಿನ್ನ ಮೊದಲನೆಯ ಕಾಗದದಲ್ಲೇ ಗೊತ್ತಾಗಿತ್ತು. ಹೇಳಲು ನಾಲಿಗೆ ಬರಲಿಲ್ಲ, ಅಷ್ಟೇ. ಪೆಟ್ಟಿಗೆ ನಿನ್ನ ಕೈಗೆ ಕೊಟ್ಟಿದ್ದು ಯಾಕೆ ಅಂದುಕೊಂಡೆ, ನಿನ್ನ ಪಿಎಚ್.ಡಿ. ಆಗಲಿ ಅಂತಲೆ? ಎಲ್ಲೋ ತಳದಲ್ಲಿ ನನ್ನ ಮುಖದ ಒಂದು ಫೋಟೋ ಇದ್ದೀತು, ಚೂಟಿ ಹುಡುಗಿ, ಹುಡುಕಿ ತೆಗೆಯುತ್ತಾಳೆ ಅಂತ. ಒಂದೇ ಒಂದು ಮುಖವೂ ಇಲ್ಲ ಅಮ್ಮ ಅಂತ ಬರೆದೆಯಲ್ಲ, ಕೊನೆಗೆ ಒಂದು ಆಶ್ಚರ್ಯದ ಗುರುತು ಬೇರೆ ಹಾಕಿದ್ದೆ. ಅದನ್ನು ಓದಿ ಆ ಕಾಗದವನ್ನು ಮಡಚಿ ಇಟ್ಟವಳು ಮತ್ತೆ ತೆಗೆಯಲಿಲ್ಲ.

ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ. ಬಾವಿ ಹತ್ತಿರ, ಒಲೆ ಹತ್ತಿರ, ತಲೆ ಬಾಚುವಾಗ, ಎಲ್ಲಿ ನಿಂತರೂ ಕ್ಯಾಮೆರಾ ಎದುರಿಗೆ. "ಏನ್ರೀ ಇದು, ಅತ್ತೆ ಬೈತಾರೆ" ಅಂತ ಸೆರಗು ಮುಚ್ಚಿಕೊಂಡರೆ ಸೆರಗಿನ ಸಮೇತ ತೆಗೆಯೋರು. ನಮಗೊಂದು ಹೆಣ್ಣು ಕೂಸು ಇತ್ತು. ಜಿನಶ್ರೀ. ಎರಡು ವರ್ಷ ಇದ್ದಳು. ಎಪ್ಪತ್ತೊಂಬತ್ತರ ಯುಗಾದಿಯ ಹೊತ್ತಿಗೆ ಮಿದುಳು ಜ್ವರ ಬಂತು. ಹಾಸನದ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದೆವು. ಉಳಿಯಲಿಲ್ಲ.

ಅದಾದ ಮೇಲೆ ಅವರು ನನ್ನ ಮುಖ ತೆಗೆಯಲಿಲ್ಲ. ಹಳೆಯ ಫೋಟೋಗಳೂ ಮನೆಯಿಂದ ಮಾಯವಾದವು. ಒಂದು ಮಾತು ಬೈಯಲಿಲ್ಲ, ಒಂದು ದಿನ ಹೊಡೆಯಲಿಲ್ಲ, ನನ್ನ ಕೈಯ ಊಟ ಬಿಡಲಿಲ್ಲ. ಜೊತೆಯಲ್ಲೇ ಇದ್ದರು. ಆದರೆ ಕ್ಯಾಮೆರಾ ಎತ್ತಿದರೆ ಅದು ಗೋಡೆಗೆ ತಿರುಗುತ್ತಿತ್ತು. ಕೂಸಿಗೆ ಮೈ ಬಿಸಿಯಾದಾಗ ನಾನು ಒಂದು ದಿನ ಕಷಾಯ ಕೊಟ್ಟು ನೋಡೋಣ ಅಂದಿದ್ದೆ. ಆ ಒಂದು ದಿನವನ್ನು ಅವರು ಮರೆತಿರಲಿಲ್ಲ, ಮಗುವನ್ನು ಕಳೆದ ಮುಖ ಅಂತ ನೋಡಲು ಆಗುತ್ತಿರಲಿಲ್ಲ ಅಂತಲೇ ನಾನು ಬದುಕಿದ್ದು. ಕೇಳಬಹುದಿತ್ತಲ್ಲ ಅಂತೀಯ. ಹೌದು ಅಂದುಬಿಟ್ಟರೆ ಅಂತ ಹೆದರಿ ಕೇಳಲಿಲ್ಲ. ಐದು ವರ್ಷದ ಹಿಂದೆ ಅವರೂ ಹೋದರು, ನಾನು ಇಲ್ಲಿ ನಿಶ್ಚಲನ ಮನೆಗೆ ಬಂದೆ. ಇನ್ನು ಕೇಳುವುದು ಯಾರನ್ನು?

ಅವರ ನೆಗೆಟಿವ್ ತುಂಬಿದ ಟ್ರಂಕು ಒಂದು ಹೊಳೆನರಸೀಪುರದಲ್ಲಿ ಕಾಂತರಾಜು ಮನೆಯಲ್ಲಿದೆ. ಅವನು ಅವರ ಹತ್ತಿರ ಕೆಲಸ ಕಲಿತು ಅಲ್ಲಿ ಸ್ವಂತ ಸ್ಟುಡಿಯೋ ಇಟ್ಟವನು. ಅದು ಇನ್ನೂ ನಮ್ಮ ಮನೆಯಲ್ಲಿದ್ದಾಗ ನಾನು ಒಮ್ಮೆ ಒಂದೆರಡು ಪಟ್ಟಿ ತೆಗೆದು ಬೆಳಕಿಗೆ ಹಿಡಿದಿದ್ದೆ. ಮುಖ ಕಪ್ಪು, ಕೂದಲು ಬಿಳಿ, ನೋಡಲು ಭಯವಾಗಿ ಇಟ್ಟುಬಿಟ್ಟೆ. ನಿನಗೆ ಬೇಕಾದರೆ ಈ ಕಾಗದ ತೋರಿಸಿ ನೋಡಿಕೋ. ನನಗಾಗಿ ಹುಡುಕು ಅಂತ ಇನ್ನು ಹೇಳುವುದಿಲ್ಲ. ಸಾಕಾಗಿದೆ.

ಮರುದೇವಿ


ಹಾಸನ
6 ಅಕ್ಟೋಬರ್ 2024

ಅಮ್ಮ,

ಇದನ್ನು ಹೇಗೆ ಶುರು ಮಾಡಲಿ ತಿಳಿಯುತ್ತಿಲ್ಲ. ಪ್ರಬಂಧ ಓದಿದೆ. ಚಪ್ಪಾಳೆ ಬಂತು. ಮಾರನೆಯ ದಿನ ಪತ್ರಿಕೆಯ ಒಳಪುಟದಲ್ಲಿ ಚಿಕ್ಕದಾಗಿ ಸುದ್ದಿಯೂ ಬಂತು, 'ಹೆಂಡತಿಯ ಮುಖ ಅಳಿಸಿದ ಛಾಯಾಗ್ರಾಹಕ' ಎಂದು. ಅದಾದ ಮೇಲೆ ನಾನು ಹೊಳೆನರಸೀಪುರಕ್ಕೆ ಹೋದದ್ದು. ಮೊದಲೇ ಹೋಗಬೇಕಿತ್ತು.

ಕಾಂತರಾಜು ಅವರು ನಿಮ್ಮ ಕಾಗದವನ್ನು ಎರಡು ಸಲ ಓದಿಕೊಂಡು, "ಟ್ರಂಕು ಅಟ್ಟದ್ ಮ್ಯಾಲೈತೆ ಮೇಡಂ. ನಾನು ಕೈ ಆಕಿಲ್ಲ. ಧರಣೇಂದ್ರಣ್ಣ ಕೊಡುವಾಗ್ಲೇ ಏಳಿದ್ರು, ಬಿಸಾಕ್ಬ್ಯಾಡ ಕಣೋ, ಯಾರ್ಗೂ ತೋರಿಸ್ಲೂ ಬ್ಯಾಡ ಅಂತ. ಅಂಗಂದ್ರೆ ನಾನೇನ್ ಮಾಡ್ಲಿ? ಅಟ್ಟಕ್ಕೆ ಆಕ್ಬುಟ್ಟೆ. ಅಮ್ಮಾವ್ರೇ ಬರ್ದವ್ರಲ್ಲ, ತಗಂಡೋಗಿ" ಎಂದರು.

ಫಿಲ್ಮಿನ ಪಟ್ಟಿಗಳನ್ನು ಫೋಟೋ ಕಾಗದದ ಮೇಲೆ ಒತ್ತಾಗಿ ಜೋಡಿಸಿ ಒಂದೇ ಸಲ ಬೆಳಕು ಕೊಟ್ಟರೆ ಇಡೀ ರೋಲು ಒಂದೇ ಹಾಳೆಯಲ್ಲಿ ಮೂಡುತ್ತದೆ. ಪಟ್ಟಿಯ ಅಂಚಿನಲ್ಲಿ ನಂಬರು ಅಚ್ಚಾಗಿರುವುದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ತಪ್ಪಿಲ್ಲದೆ ಹೇಳಬಹುದು. ಹಾಗೆ ಒಂದೊಂದೇ ರೋಲು ಮಾಡಿದೆ. ಅಮ್ಮ, ನೀವಿದ್ದೀರಿ. ಹಳೆಯ ರೋಲುಗಳ ತುಂಬ ನೀವೇ ಇದ್ದೀರಿ. ಬಾವಿಯ ಹತ್ತಿರ, ಒಲೆಯ ಹತ್ತಿರ, ಸೆರಗು ಮುಚ್ಚಿಕೊಂಡು, ಸೆರಗು ಜಾರಿ ನಗುತ್ತಾ. ನಾನು ಡಾರ್ಕ್‌ರೂಮಿನಲ್ಲಿ ಒಬ್ಬಳೇ ಅತ್ತೆ. ನೀವು ಇಷ್ಟು ಚೆಂದ ಇದ್ದಿರಿ ಎಂದು ಯಾರೂ ನನಗೆ ಹೇಳಿರಲಿಲ್ಲ.

ಈಗ ನನಗೆ ಅರ್ಥವಾಗದ ಒಂದು ವಿಷಯ. ನಿಮ್ಮ ಮುಖ ನಿಲ್ಲುವುದು ಒಂದು ರೋಲಿನ ನಡುವೆ. ಮೊದಲ ಒಂಬತ್ತರಲ್ಲಿ ಮನೆಯಲ್ಲಿ ನೀವು. ಆಮೇಲಿನ ನಾಲ್ಕು ಆಸ್ಪತ್ರೆಯ ಜಗಲಿ. ಬೆಂಚಿನ ಮೇಲೆ ಗೋಡೆಗೊರಗಿ ನಿದ್ದೆ ಹೋಗಿದ್ದೀರಿ, ಬಾಯಿ ಸ್ವಲ್ಪ ತೆರೆದಿದೆ, ಬಹಳ ಹತ್ತಿರದಿಂದ ತೆಗೆದಿದ್ದಾರೆ. ಹದಿನಾಲ್ಕನೆಯದರಲ್ಲಿ ನೀವಿಲ್ಲ. ಒಂದು ಹಾದಿ, ಧೂಳು, ಯಾರದೋ ಬರಿಗಾಲು, ಪಕ್ಕದಲ್ಲಿ ನವಿಲುಗರಿಯ ಕಟ್ಟು. ಅಂಚಿನಲ್ಲಿ ಕೈ ಮುಗಿದ ಜನ. ಚೌಕಟ್ಟಿನ ಮೇಲ್ಭಾಗವನ್ನು ಪೂರ್ತಿ ಧೂಳಿಗೆ ಬಿಟ್ಟಿದ್ದಾರೆ, ನಾನು ಅದರ ಬಗ್ಗೆಯೇ ಒಂದು ಪುಟ ಬರೆದಿಟ್ಟುಕೊಂಡೆ. ಹದಿನೈದನೆಯದು ಮತ್ತೆ ಆಸ್ಪತ್ರೆ. ಬಿಳಿ ಗೋಡೆ. ಗೋಡೆಯ ಮೇಲೆ ಹೆಂಗಸಿನ ನೆರಳು, ಹೆಗಲ ಮೇಲೆ ಮಗು. ಮಗುವಿನ ಒಂದು ಕೈ ಮಾತ್ರ ನೆರಳಲ್ಲ, ಚೌಕಟ್ಟಿನೊಳಗೆ ನಿಜವಾಗಿಯೇ ಬಂದಿದೆ. ಅಮ್ಮನ ಜಡೆ ಹಿಡಿದುಕೊಂಡಿದೆ.

ಅಲ್ಲಿಂದ ಮುಂದೆ ಎಲ್ಲ ರೋಲುಗಳಲ್ಲೂ ನೆರಳೇ.

ಕೂಸು ಹೋದ ಮೇಲೆ ಅವರು ನಿಮ್ಮ ಮುಖ ತೆಗೆಯಲಿಲ್ಲ ಎಂದಿರಿ. ಹಾಗಲ್ಲ ಅಮ್ಮ. ಕೂಸು ನಿಮ್ಮ ಹೆಗಲ ಮೇಲೆ ಇರುವಾಗಲೇ ನಿಲ್ಲಿಸಿದ್ದಾರೆ. ಯಾಕೆಂದು ನನಗೆ ತಿಳಿಯದು. ಆದರೆ ಮಗು ಇನ್ನೂ ಬದುಕಿರುವಾಗ, ಮಗುವನ್ನು ಕಳೆದ ಮುಖ ಎಂದು ಅವರು ಹೇಗೆ ಅಂದುಕೊಂಡಾರು?

ಹದಿನೈದನೆಯ ಫೋಟೋವನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ನಿಮ್ಮ ಮುಖದ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಬೇರೆ ಕವರಿನಲ್ಲಿ ಅಂಟಿಸಿ ಕಳಿಸುತ್ತಿದ್ದೇನೆ. ನೀವೇ ಬಿಚ್ಚಬೇಕು, ನಿಶ್ಚಲ್ ಅವರಲ್ಲ.

ಪ್ರಬಂಧವನ್ನು ಸಂಕಿರಣದ ಸಂಕಲನಕ್ಕೆ ಕೊಡುವುದಿಲ್ಲ ಎಂದು ಹೇಳಿಬಿಟ್ಟೆ. ಆದರೆ ಓದಿದ್ದನ್ನು ವಾಪಸು ಪಡೆಯುವುದು ಹೇಗೆ?

ನಿಮ್ಮ ರಂಜಿನಿ


ಹಾಸನ
23 ಅಕ್ಟೋಬರ್ 2024

ಅಮ್ಮ,

ಕವರು ತಲುಪಿತೆ? ನೋಡಿದಿರಾ? ಒಂದು ಸಾಲು ಬರೆಯಿರಿ ಸಾಕು. ಬೈದು ಬರೆದರೂ ಸರಿ.

ರಂಜಿನಿ


ಶ್ರೀ ವೀತರಾಗಾಯ ನಮಃ

ಅರಕಲಗೂಡು
4-11-2024

ನನ್ನ ರಂಜಿನಿಗೆ,

ಕವರು ತಲುಪಿತು. ನೀನು ಕಾಯುತ್ತೀಯ ಅಂತ ಗೊತ್ತಿತ್ತು. ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ. ದೀಪಾವಳಿ ಕಳೆಯಲಿ ಅಂದುಕೊಂಡೆ, ಅದೂ ಕಳೆಯಿತು.

ಆ ಹದಿನಾಲ್ಕನೆಯ ಫೋಟೋ ನಿನಗೆ ಅರ್ಥವಾಗುವುದಿಲ್ಲ. ನನಗೆ ಆಗುತ್ತದೆ. ಆ ಬರಿಗಾಲು ಮುನಿಗಳದು, ನವಿಲುಗರಿಯ ಕಟ್ಟು ಅವರ ಪಿಂಛಿ. ಅವತ್ತು ಮುನಿಗಳು ಚನ್ನರಾಯಪಟ್ಟಣದ ಮೇಲೆ ಬೆಳಗೊಳಕ್ಕೆ ನಡೆದು ಹೋಗುತ್ತಿದ್ದರು. ಕೂಸಿಗೆ ಎಚ್ಚರ ಬಂದು ಹೋಗಿ ಮಾಡುತ್ತಿತ್ತು. ಇವರು ಬೆಳಿಗ್ಗೆ ಆಸ್ಪತ್ರೆಯಿಂದ ಎದ್ದು, "ದರ್ಶನ ಮಾಡ್ಕೊಂಡು ಬತ್ತೀನಿ" ಅಂತ ಬಸ್ಸು ಹತ್ತಿದವರು ಸಂಜೆ ಬಂದರು. "ಒಂದು ನಿಯಮ ತಗೊಂಡೆ, ಬದುಕಿರೋವರೆಗೆ" ಅಂದರು. "ಏನು ಬಿಟ್ರಿ?" ಅಂದೆ. "ಇಷ್ಟವಾದದ್ದು" ಅಂದರು. ಅಷ್ಟೇ ಅಂದದ್ದು.

ಆವಾಗಲೇ ಅವರು ಕ್ಯಾಮೆರಾ ಎತ್ತಿದ್ದು. ಜಗಲಿಗೆ ಸಂಜೆ ಬಿಸಿಲು ಬಿದ್ದಿತ್ತು. ಕೂಸು ಹೆಗಲ ಮೇಲಿತ್ತು. ನನ್ನ ಕಡೆ ಕ್ಯಾಮೆರಾ ಬಂತು ಅಂತ, ಅಂಥ ಹೊತ್ತಿನಲ್ಲೂ ನೋಡು ನನ್ನ ಬುದ್ಧಿ, ಸೆರಗು ಸರಿ ಮಾಡಿಕೊಂಡೆ. ಕ್ಯಾಮೆರಾ ನನ್ನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಗೋಡೆಗೆ ತಿರುಗಿತು. ಇಷ್ಟು ವರ್ಷ ಅದನ್ನು ನಾನು ಕೂಸು ಹೋದ ಮೇಲಿನ ದಿನಗಳ ಜೊತೆಗೆ ಸೇರಿಸಿ ಇಟ್ಟುಕೊಂಡಿದ್ದೆ. ದುಃಖದಲ್ಲಿ ಹಿಂದಿನದು ಮುಂದಿನದು ಎಲ್ಲ ಕಲಸಿಹೋಗಿರುತ್ತದೆ ಕಣಮ್ಮ. ನೀನು ಬರೆದ ಫಿಲ್ಮಿನ ನಂಬರು ಬಂದ ಮೇಲೆ ಬಿಡಿಸಿಕೊಂಡಿತು.

ಅವರು ಬಿಟ್ಟಿದ್ದು ನನ್ನ ಮುಖವನ್ನು.

ಒಬ್ಬಟ್ಟಿನ ಕಥೆ ಕೇಳು. ಎರಡು ದಿನ ಬಿಟ್ಟು ಯುಗಾದಿ ಬಂತು. ನಮ್ಮಮ್ಮ ಆಸ್ಪತ್ರೆಗೇ ಒಬ್ಬಟ್ಟು ಮಾಡಿ ತಂದಳು. ಇವರು "ಬೇಡ" ಅಂತ ಎಲೆ ಸರಿಸಿದರು. ಮಗು ಹಾಗೆ ಮಲಗಿರುವಾಗ ಯಾವ ತಂದೆಗೆ ಒಬ್ಬಟ್ಟು ಇಳಿಯುತ್ತದೆ? ನಾನು ದಡ್ಡಿ, ಓಹೋ, ಬಿಟ್ಟಿದ್ದು ಇದನ್ನೇ ಅಂದುಕೊಂಡೆ. ಅಲ್ಲಿಂದ ಮುಂದೆ ಆ ಮನುಷ್ಯನಿಗೆ ಒಂದು ದಿನ ಒಬ್ಬಟ್ಟು ಬಡಿಸಲಿಲ್ಲ. ಮದುವೆ ಮನೆಯಲ್ಲೂ ತಿನ್ನಲು ಬಿಡಲಿಲ್ಲ. ಅಲ್ಲ ಕಣೇ, ನಾನು ಬಿಟ್ಟಿದ್ದು ಅದಲ್ಲ ಅಂತ ಒಂದು ಮಾತು ಅಂದಿದ್ದರೆ, ಮತ್ತೆ ಯಾವುದು ಅಂತ ನಾನು ಕೇಳುತ್ತಿದ್ದೆ. ಅದಕ್ಕೇ ಸುಮ್ಮನಿದ್ದುಬಿಟ್ಟರು. ಒಂದು ಬಿಡಲು ಹೋದವರಿಂದ ನಾನು ಎರಡು ಬಿಡಿಸಿದೆ.

ನನಗೆ ಸಿಟ್ಟು ಬಂದಿದೆ ರಂಜಿನಿ. ನಿನಗೆ ಸುಳ್ಳು ಹೇಳುವುದಿಲ್ಲ. ಮೊದಲ ನಾಲ್ಕು ದಿನ ಅವರ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ ಬಸದಿಗೂ ಹೋಗಲಿಲ್ಲ. ಕೂಸು ಉಳಿಯಲಿ ಅಂತ ನನ್ನ ಮುಖ ಕೊಟ್ಟರು, ಸರಿ. ಕೂಸು ಹೋಯಿತಲ್ಲ! ಆಮೇಲಾದರೂ ಹೇಳಬಾರದಿತ್ತೆ? ಹೇಳಿಕೊಂಡು ತಿರುಗಬಾರದು ಅನ್ನುವುದು ನಿಜ, ಆದರೆ ನಾನು ಊರೆ? ನಾನು ಹೆಂಡತಿ. ನನ್ನ ಮುಖ ಅಸಹ್ಯ ಅಂತ ತಿಳಿದುಕೊಂಡು ಹಗಲೂ ಇರುಳೂ ಆ ಮನೆಯಲ್ಲಿ ಓಡಾಡಿದೆನಲ್ಲ, ಅವರಿಗೆ ಕಾಣಲಿಲ್ಲವೆ? ನನ್ನ ಬೆನ್ನು ಬಾಗಿದ್ದು, ತುರುಬು ಸಣ್ಣದಾದದ್ದು ಎಲ್ಲ ಕಂಡವರಿಗೆ ಇದು ಕಾಣಲಿಲ್ಲವೆ?

ಆಮೇಲೆ ಅನ್ನಿಸಿತು, ಅವರು ಸಾಯುವವರೆಗೂ ನನ್ನನ್ನೇ ತೆಗೆದರು. ಬಿಡಲು ಆಗಲಿಲ್ಲ ಅವರಿಗೆ. ಮುಖ ಬಿಟ್ಟೆ ಅಂದಿದ್ದರೇ ಹೊರತು ನೆರಳು ಬಿಟ್ಟೆ ಅಂದಿರಲಿಲ್ಲ. ಅಷ್ಟು ಸಂದಿಯಲ್ಲೇ ತೂರಿಕೊಂಡು ನನ್ನ ಹಿಂದೆಯೇ ಬಂದರು. ಇದನ್ನು ನೆನೆಸಿಕೊಂಡು ನಗು ಬಂತು, ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಕೆಳಗಿನಿಂದ ನಿಶ್ಚಲ ಓಡಿ ಬಂದ, "ಏನಾಯ್ತು ಅತ್ತೆ, ಬಿದ್ರಾ?" ಅಂತ. ಹೌದು ಕಣಪ್ಪ ಅಂದೆ.

ಇನ್ನು ನೀನು ಕಳಿಸಿದ ಕವರು. ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಬಿಚ್ಚಿಲ್ಲ. ನೀನು ಅಂಟಿಸಿದ ಹಾಗೇ ಇದೆ, ನೋಡಿಕೋ. ಬೇಜಾರು ಮಾಡಿಕೊಳ್ಳಬೇಡ. ಎಷ್ಟು ಸಲ ಕೈಗೆ ತೆಗೆದುಕೊಂಡೆನೋ ನನಗೇ ತಿಳಿಯದು. ಬಿಸಿಲಿಗೆ ಹಿಡಿದೂ ನೋಡಿದೆ, ನಿನ್ನ ಕವರು ದಪ್ಪ, ಏನೂ ಕಾಣಲಿಲ್ಲ. ಆ ಮುಖವನ್ನು ಅವರು ಕೂಸಿಗೆ ಅಂತ ಕೊಟ್ಟಿದ್ದು. ಕೊಟ್ಟು ಆಗಿದೆ. ಈಗ ನಾನು ಬಿಚ್ಚಿ ನೋಡಿ ಖುಷಿಪಟ್ಟರೆ ಕೂಸಿನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ. ಅವರು ಅಷ್ಟು ವರ್ಷ ತಡೆದುಕೊಂಡರು. ನನಗಿರುವುದು ಇನ್ನೆಷ್ಟು ದಿನ, ತಡೆದುಕೊಳ್ಳುತ್ತೇನೆ. ನೀನು ನೋಡಿದ್ದೀಯಲ್ಲ, ಚೆಂದ ಇದ್ದೆ ಅಂತ ಬರೆದಿದ್ದೀಯಲ್ಲ. ಆ ಸಾಲನ್ನು ದಿನಾ ಓದುತ್ತೇನೆ, ಅದು ನಿಯಮಕ್ಕೆ ಬರುವುದಿಲ್ಲ.

ಹದಿನೈದನೆಯದನ್ನು ಇಟ್ಟುಕೊಂಡಿದ್ದೇನೆ. ಜಡೆ ಹಿಡಿದ ಆ ಕೈ ನನ್ನ ದಿಂಬಿನ ಹತ್ತಿರವೇ ಇದೆ. ಅದು ಬಿಗಿಯಾಗಿ ಎಳೆಯುತ್ತಿತ್ತು, ನೋಯುತ್ತಿತ್ತು, ಬಿಡೇ ಅಂತ ಬೈಯುತ್ತಿದ್ದೆ.

ಒಂದು ಕೇಳಿಕೊಳ್ಳುತ್ತೇನೆ, ನಡೆಸಿಕೊಡು. ನಿಯಮದ ವಿಷಯವನ್ನು ನಿನ್ನ ಪುಸ್ತಕದಲ್ಲಿ ಬರೆಯಬೇಡ. ಅವರು ಹೇಳದೇ ಹೋದದ್ದನ್ನು ನಾವು ಅಚ್ಚು ಹಾಕಿಸುವುದು ಬೇಡ. ಜನ ಹೆಂಡತಿಯ ಮುಖ ಅಳಿಸಿದವನು ಅಂತಲೇ ಅಂದುಕೊಳ್ಳಲಿ. ನಿನಗೆ ಕಷ್ಟವಾಗುತ್ತದೆ ಅಂತ ಗೊತ್ತು. ಬೆಳಕು ಎಡದಿಂದ ಬಿತ್ತು, ನೆರಳು ಬಲಕ್ಕೆ ಹೋಯಿತು ಅಂತ ಬರಿ. ಅದೂ ಸುಳ್ಳಲ್ಲ.

ಇವತ್ತು ಮಧ್ಯಾಹ್ನ ಒಬ್ಬಟ್ಟು ಮಾಡಿದೆ. ಅವರಿಗಿಲ್ಲದ್ದು ನನಗ್ಯಾಕೆ ಅಂತ ನಾನೂ ಬಾಯಿಗೆ ಹಾಕಿರಲಿಲ್ಲ, ಮಾಡುವುದನ್ನೇ ಮರೆತಿದ್ದೆ. ಕಣಕ ಗಟ್ಟಿಯಾಗಿ ಎರಡು ಹರಿದವು. ಸಂಜೆ ಬಿಸಿಲು ಇರುವಾಗ ಒಂದನ್ನು ತಟ್ಟೆಗೆ ಹಾಕಿಕೊಂಡು, ತುಪ್ಪ ಬಿಟ್ಟುಕೊಂಡು ಗೋಡೆಯ ಪಕ್ಕ ಕೂತೆ. ತಟ್ಟೆಯ ನೆರಳು ಉದ್ದಕ್ಕೆ ಬಿತ್ತು. ನನ್ನದೂ ಬಿತ್ತು. ಯಾರೋ ಸುತ್ತು ಹಾಕುತ್ತಿದ್ದಾರೆ ಅನ್ನಿಸಿ, ಉಣ್ಣಿ ಅಂದ್ರೆ ಅಂತ ಬಾಯಿಗೆ ಬಂದುಬಿಟ್ಟಿತ್ತು. ಮುರಿದೆ. ತಿನ್ನಲು ಆಗಲಿಲ್ಲ. ನೋಡುತ್ತಾ ಕೂತಿದ್ದ ಹಾಗೇ ಹೊತ್ತು ಮುಳುಗಿತು.

ಉಳಿದವನ್ನು ಡಬ್ಬಿಗೆ ಹಾಕಿ ಇಟ್ಟಿದ್ದೇನೆ. ನಾಳೆ ನಿಶ್ಚಲ ಅಂಗಡಿಗೆ ಮಾಲು ತರಲು ಹಾಸನಕ್ಕೆ ಬರುತ್ತಾನೆ, ಕವರು, ಡಬ್ಬಿ ಎರಡನ್ನೂ ನಿನಗೆ ತಲುಪಿಸುತ್ತಾನೆ. ನಿಮ್ಮಲ್ಲಿ ಹೊತ್ತಿನ ಕಟ್ಟು ಇಲ್ಲ, ನನಗೆ ಗೊತ್ತು. ಆದರೂ ಬೆಳಕಿರುವಾಗಲೇ ತಿನ್ನು ಮಗಳೇ.

ನಿನ್ನ,
ಮರುದೇವಿ